ಹೊಟ್ಟೆಯಲ್ಲಿ ಹುಳು, ರಕ್ತದಲ್ಲಿ ಮಲೇರಿಯಾ

ಥಾಯ್ಲೆಂಡ್‌ನಲ್ಲಿ ನಡೆದ ಒಂದು ಅಧ್ಯಯನದಲ್ಲಿ, ಹೊಟ್ಟೆಯಲ್ಲಿ ದುಂಡುಹುಳು ಇದ್ದವರಿಗೆ ಮಿದುಳಿನ ಮಲೇರಿಯಾ ಕಡಿಮೆ ಎಂದು ಕಂಡಿತು. ಅದೇ ದೇಶದ ಇನ್ನೊಂದು ಅಧ್ಯಯನದಲ್ಲಿ ಹುಳು ಇದ್ದವರಿಗೇ ಮಲೇರಿಯಾ ಹೆಚ್ಚು ಬಂದಿತ್ತು. ಸೆನೆಗಲ್‌ನಲ್ಲಂತೂ ದುಂಡುಹುಳು ಇದ್ದ ಮಕ್ಕಳಲ್ಲೇ ತೀವ್ರ ಮಲೇರಿಯಾ ಜಾಸ್ತಿ ಕಂಡಿತು. ಹಾಗಾದರೆ ಹುಳು ಕಾಪಾಡುತ್ತದೋ, ಕೆಡಿಸುತ್ತದೋ?

ಮಲೇರಿಯಾದ ಪರಾವಲಂಬಿ ಕೆಂಪು ರಕ್ತಕಣದೊಳಗೆ ಸೇರಿ, ಅಲ್ಲೇ ಮರಿಮಾಡಿ, ಕಣ ಒಡೆದು ಹೊರಬರುತ್ತದೆ. ಇದನ್ನು ತಡೆಯಲು ದೇಹ ಬೇಗ, ಜೋರಾಗಿ ಹೊಡೆಯಬೇಕು. ರೋಗದ ವಿರುದ್ಧ ಹೋರಾಡುವ ಟಿ ಕೋಶಗಳು ಇಂಟರ್‌ಫೆರಾನ್ ಗಾಮಾ ಎಂಬ ಸಂಕೇತ ವಸ್ತು ಬಿಡುತ್ತವೆ, ರೋಗಾಣು ನುಂಗುವ ಕೋಶಗಳು ಚುರುಕಾಗುತ್ತವೆ. ಹುಳುವಿನ ಲೆಕ್ಕ ಬೇರೆ. ಹೆಣ್ಣು ದುಂಡುಹುಳು 20ರಿಂದ 35 ಸೆಂಟಿಮೀಟರ್ ಉದ್ದ. ಅದನ್ನು ಯಾವ ಬಿಳಿ ರಕ್ತಕಣ ನುಂಗೀತು? ಅದಕ್ಕೇ ದೇಹ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣ, ಐಜಿಇ ಎಂಬ ಪ್ರತಿಕಾಯ, ಕರುಳಿನ ಲೋಳೆ ಎಲ್ಲವನ್ನೂ ಹೆಚ್ಚಿಸಿ ಹುಳುವನ್ನು ಹೊರದಬ್ಬಲು ನೋಡುತ್ತದೆ. ಒಂದು ದಾರಿ ಬಲವಾದರೆ ಇನ್ನೊಂದು ತಗ್ಗುತ್ತದೆ.

ಹುಳುವೂ ಸುಮ್ನೆ ಇರುವುದಿಲ್ಲ. ಒಂದೆರಡು ವರ್ಷ ಅದೇ ಕರುಳಿನಲ್ಲಿ ಬಾಳಬೇಕು ಅಲ್ವಾ? ಅದು ಸ್ರವಿಸುವ ವಸ್ತುಗಳಿಂದ ದೇಹದ ಹೋರಾಟಕ್ಕೆ ಲಗಾಮು ಹಾಕುವ ನಿಯಂತ್ರಕ ಟಿ ಕೋಶಗಳೂ ಉರಿಯೂತ ತಣಿಸುವ ಐಎಲ್-10 ಎಂಬ ಸಂಕೇತ ವಸ್ತುವೂ ಹೆಚ್ಚುತ್ತವೆ. ಇದೊಂದು ಬ್ರೇಕ್ ಇದ್ದಂತೆ. ಇದರಿಂದ ಮಲೇರಿಯಾದ ಮೇಲಿನ ಹೊಡೆತವೂ ಮೆತ್ತಗಾಗಬಹುದು. ಆದರೆ ಮಿದುಳಿನ ಮಲೇರಿಯಾದಲ್ಲಿ ಪರಾವಲಂಬಿಯ ಜೊತೆ ನಮ್ಮದೇ ಉರಿಯೂತವೂ ಹಾನಿ ಮಾಡುತ್ತದೆ. ಅಲ್ಲಿ ಅದೇ ಬ್ರೇಕ್ ಜೀವ ಉಳಿಸಬಹುದು. ಯಾವ ಹುಳು, ಎಷ್ಟು ಹುಳು, ರೋಗಿಯ ವಯಸ್ಸೆಷ್ಟು ಎನ್ನುವುದರ ಮೇಲೆ ಫಲಿತಾಂಶ ಬದಲಾಗುತ್ತದೆ.

ಇಂಥ ಅಧ್ಯಯನಗಳಲ್ಲಿ ಒಂದು ತೊಡಕಿದೆ. ಬಡತನ, ಶೌಚಾಲಯವಿಲ್ಲದ ಮನೆ, ಸೊಳ್ಳೆ ಎಲ್ಲವೂ ಒಟ್ಟಿಗೇ ಇರುತ್ತವೆ, ಯಾವುದು ಯಾವುದಕ್ಕೆ ಕಾರಣ ಎಂದು ಬಿಡಿಸುವುದು ಕಷ್ಟ. ಅದಕ್ಕೇ ಇಂಡೊನೇಷ್ಯಾದ ಫ್ಲೋರೆಸ್ ದ್ವೀಪದ ಪ್ರಯೋಗ ನನಗೆ ಬಹಳ ಮುಖ್ಯ ಅನಿಸುತ್ತದೆ. ಅಲ್ಲಿ ಚೀಟಿ ಎತ್ತಿದ ಹಾಗೆ ಮನೆಗಳನ್ನು ಆರಿಸಿ, ಕೆಲವು ಮನೆಯವರಿಗೆ ಮೂರು ತಿಂಗಳಿಗೊಮ್ಮೆ ಅಲ್ಬೆಂಡಜೋಲ್ ಎಂಬ ಜಂತುಹುಳು ಮಾತ್ರೆ ಕೊಟ್ಟರು, ಉಳಿದವರಿಗೆ ಔಷಧವಿಲ್ಲದ ಮಾತ್ರೆ. ಹುಳು ಕಡಿಮೆಯಾದ ಮೇಲೆ ಜನರ ರಕ್ತವನ್ನು ಲ್ಯಾಬ್‌ನಲ್ಲಿ ಮಲೇರಿಯಾ ಸೋಂಕಿತ ರಕ್ತಕಣಗಳ ಜೊತೆ ಇಟ್ಟು ನೋಡಿದರೆ, ಪ್ರತಿಕ್ರಿಯೆ ಮೊದಲಿಗಿಂತ ಜೋರಾಗಿತ್ತು. ಬ್ರೇಕ್ ಸಡಿಲವಾಗಿದ್ದು ಕಣ್ಣಿಗೇ ಕಂಡಿತು. ವಿಚಿತ್ರವೆಂದರೆ, ಅಲ್ಬೆಂಡಜೋಲ್ ತೆಗೆದುಕೊಂಡವರ ರಕ್ತದಲ್ಲಿ ಮೊದಲ 6 ತಿಂಗಳು ಮಲೇರಿಯಾ ಪರಾವಲಂಬಿ ಜಾಸ್ತಿ ಸಿಕ್ಕಿತು. ಆಮೇಲೆ ಆ ವ್ಯತ್ಯಾಸ ಉಳಿಯಲಿಲ್ಲ.

ಇದನ್ನು ಓದಿ ಜಂತುಹುಳು ಮಾತ್ರೆಗೆ ಯಾರೂ ಹೆದರಬಾರದು. ಕೊಕ್ಕೆಹುಳು ಕರುಳಿನಲ್ಲಿ ರಕ್ತ ಹೀರುತ್ತದೆ, ಮಲೇರಿಯಾ ರಕ್ತಕಣ ಒಡೆಯುತ್ತದೆ. ಎರಡೂ ಸೇರಿದರೆ ಮಕ್ಕಳ, ಬಸುರಿಯರ ರಕ್ತಹೀನತೆ ಕೈಮೀರುತ್ತದೆ. ನಮ್ಮ ಅಂಗನವಾಡಿ, ಶಾಲೆಗಳಲ್ಲಿ 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಕೊಡುವುದೂ ಇದೇ ಅಲ್ಬೆಂಡಜೋಲ್. ಆದರೆ ಮಲೇರಿಯಾ ಇರುವ ಕಡೆ ಮಾತ್ರೆ ಹಂಚಿ ಕೈತೊಳೆದುಕೊಂಡರೆ ಸಾಲದು. ಜೊತೆಗೆ ಸೊಳ್ಳೆ ಪರದೆ ಕೊಡಬೇಕು, ಮೊದಲ ಕೆಲವು ತಿಂಗಳು ಜ್ವರ ಬಂದ ಪ್ರತಿ ಮಗುವಿನ ರಕ್ತ ಪರೀಕ್ಷೆ ತಪ್ಪದೆ ಮಾಡಿಸಬೇಕು.