ಒಂದೇ ಊರು, ಮೂರು ದರ: ಬೆಂಗಳೂರಿನ ಸೈಟಿನ ಬೆಲೆ ಏರಿದ ದಾರಿ

ಬೆಂಗಳೂರಿನ ಹೊರವಲಯದ ಯಾವ ಹಳ್ಳಿಗಾದರೂ ಹೋಗಿ ಮೂವತ್ತು-ನಲವತ್ತರ ಸೈಟಿನ ದರ ಕೇಳಿ. ದಲ್ಲಾಳಿ ದರ ಹೇಳುವುದಕ್ಕೆ ಮುಂಚೆ ತಾನೇ ಒಂದು ಪ್ರಶ್ನೆ ಹಾಕುತ್ತಾನೆ: "ಬಿಡಿಎನಾ, ಡಿಸಿ ಕನ್ವರ್ಷನ್ನಾ, ರೆವಿನ್ಯೂನಾ?" ಬಿಡಿಎ ಎಂದರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಹಂಚಿದ ಸೈಟು, ಡಿಸಿ ಕನ್ವರ್ಷನ್ ಎಂದರೆ ಕೃಷಿಯೇತರ ಬಳಕೆಗೆ ಜಿಲ್ಲಾಧಿಕಾರಿ ಪರಿವರ್ತಿಸಿಕೊಟ್ಟ ಜಮೀನು, ರೆವಿನ್ಯೂ ಎಂದರೆ ಅದೆರಡೂ ಇಲ್ಲದ ಕೃಷಿ ಜಮೀನಿನ ಸೈಟು. ಮಣ್ಣು ಅದೇ, ಬಸ್ ಸ್ಟಾಪು ಅದೇ. ಆದರೂ ಉತ್ತರದ ಮೇಲೆ ಚದರಡಿ ದರ ಬೇರೆಯಾಗುತ್ತದೆ. ಆ ಜಾಗವನ್ನು ಯಾರು, ಯಾವ ಕಾನೂನಿನಡಿ ಬಡಾವಣೆ ಮಾಡಿದರು, ನೀರು ಮತ್ತು ರಸ್ತೆ ಯಾವಾಗ ತಲುಪಿದವು ಎಂಬುದೇ ಈ ನಗರದಲ್ಲಿ ಬೆಲೆಯನ್ನು ಬಹುಮಟ್ಟಿಗೆ ತೀರ್ಮಾನಿಸುತ್ತ ಬಂದಿದೆ.

ಮಲ್ಲೇಶ್ವರ, ಬಸವನಗುಡಿ 1898ರ ಪ್ಲೇಗಿನ ಕಾಲದಲ್ಲಿ ರೂಪುಗೊಂಡ ಬಡಾವಣೆಗಳು. 1945ರಲ್ಲಿ ನಗರ ಸುಧಾರಣಾ ಟ್ರಸ್ಟ್ ಮಂಡಳಿ ಬಂತು, 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿತ್ತು. ಐಟಿಐ, ಎಚ್‌ಎಂಟಿ, ಬಿಇಎಲ್‌ನಂಥ ಕಾರ್ಖಾನೆಗಳು ತಮ್ಮ ನೌಕರರಿಗೆ ತಾವೇ ವಸತಿ ಕಟ್ಟಿಕೊಟ್ಟವು. 1976ರಲ್ಲಿ ಟ್ರಸ್ಟ್ ಮಂಡಳಿಯ ಜಾಗಕ್ಕೆ ಬಿಡಿಎ ಬಂತು. ಸರ್ಕಾರ ರೈತರ ಜಮೀನು ಸ್ವಾಧೀನ ಮಾಡಿಕೊಂಡು, ರಸ್ತೆ-ಚರಂಡಿ ಹಾಕಿ, ಮಾರುಕಟ್ಟೆಗಿಂತ ಕಡಿಮೆ ದರಕ್ಕೆ ಸೈಟು ಹಂಚುತ್ತಿತ್ತು. ಸೈಟು ಸಿಕ್ಕವರಿಗೆ ಅದೇ ಆಸ್ತಿಯಾಯಿತು, ಸಿಗದವರು ಊರ ಹೊರಗೆ ನಡೆದರು.

ಹೊರಗೆ ಕಾದಿದ್ದದ್ದು ಬೇರೆ ತೊಡಕು. 1974ರ ತಿದ್ದುಪಡಿಯ ನಂತರ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳಿಂದಾಗಿ ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳುವುದು ಬಹಳ ಕಷ್ಟವಾಯಿತು. 2020ರಲ್ಲಿ ತೆಗೆದುಹಾಕುವವರೆಗೂ ಆ ಕಲಂಗಳು ಉಳಿದವು. ಬಿಡಿಎ ಸೈಟು ಸಾಲದು, ಹೊಲ ನೇರವಾಗಿ ಕೊಳ್ಳುವಂತಿಲ್ಲ. ಈ ಸಂದಿಯಲ್ಲಿ ಹುಟ್ಟಿದ್ದು ರೆವಿನ್ಯೂ ಸೈಟು. ಭೂಪರಿವರ್ತನೆಯಿಲ್ಲ, ನಕ್ಷೆ ಅನುಮೋದನೆಯಿಲ್ಲ, ಎಷ್ಟೋ ಕಡೆ ಕ್ರಯಪತ್ರವಿಲ್ಲದೆ ಬರೀ ಜಿಪಿಎ (ಸಾಮಾನ್ಯ ಅಧಿಕಾರಪತ್ರ) ಮೇಲೆ ಕೈ ಬದಲಾವಣೆ. ಜಿಪಿಎಯಿಂದ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಸ್ಪಷ್ಟಪಡಿಸುವ ಹೊತ್ತಿಗೆ ಅಂಥ ಸೈಟುಗಳ ಮೇಲೆ ಮನೆಗಳೆದ್ದು ಬೀದಿಗಳೇ ಆಗಿದ್ದವು.

ರೆವಿನ್ಯೂ ಸೈಟು ಅಗ್ಗವಾಗುವುದು ಹೇಗೆಂದು ಲೆಕ್ಕ ಹಾಕಿ ನೋಡಿ. ಒಂದು ಎಕರೆಗೆ 40 ಗುಂಟೆ, ಅಂದರೆ 43,560 ಚದರಡಿ. ಬಿಡಿಎ ಕಾಯ್ದೆಯ ಪ್ರಕಾರ ಬಡಾವಣೆಯಲ್ಲಿ ಉದ್ಯಾನ-ಆಟದ ಮೈದಾನಕ್ಕೆ ಕನಿಷ್ಠ ಶೇ 15, ನಾಗರಿಕ ಸೌಲಭ್ಯಕ್ಕೆ ಶೇ 10 ಬಿಡಬೇಕು. ರಸ್ತೆಗೆ ಸುಮಾರು ಶೇ 20 ಹೋಯಿತೆನ್ನಿ, ಉಳಿಯುವ ಶೇ 55ರಲ್ಲಿ 1,200 ಚದರಡಿಯ ಸೈಟು 20ರ ಆಸುಪಾಸು. ಅದೇ ಎಕರೆಯಲ್ಲಿ ಇಕ್ಕಟ್ಟಾದ ರಸ್ತೆ ಬಿಟ್ಟು, ಪಾರ್ಕಿಗೆ ಏನೂ ಇಡದೆ ಶೇ 75 ಮಾರಿದರೆ 27 ಸೈಟು. ಆ ಏಳು ಸೈಟು ಮುಂದೆ ಆಗಬೇಕಿದ್ದ ಶಾಲೆಯ ಜಾಗ, ಮಳೆನೀರು ಹರಿಯಬೇಕಿದ್ದ ಜಾಗ. ಕೊಳ್ಳುವಾಗ ಉಳಿದ ಹಣವನ್ನು ಆ ಬೀದಿಯವರು ಮಳೆಗಾಲದಲ್ಲಿ, ಬೆಂಕಿ ಬಿದ್ದಾಗ ಅಗ್ನಿಶಾಮಕ ವಾಹನ ಒಳಗೆ ಬರದೆ ನಿಂತಾಗ ಬೇರೆ ರೀತಿಯಲ್ಲಿ ತೆರುತ್ತಾರೆ.

ಪಾಲಿಕೆಯ ಆಸ್ತಿ ದಾಖಲೆಯಲ್ಲಿ ನಿಯಮಬದ್ಧ ಸ್ವತ್ತಿಗೆ ಎ ಖಾತಾ, ಇಂಥ ಸ್ವತ್ತಿಗೆ ಸಿಗುತ್ತಿದ್ದದ್ದು ಬಿ ಖಾತಾ. ತೆರಿಗೆ ಕಟ್ಟಬಹುದು, ಆದರೆ ಬಹುತೇಕ ಬ್ಯಾಂಕುಗಳು ಸಾಲ ಕೊಡುವುದಿಲ್ಲ. ಸಾಲ ಸಿಗದ ಸ್ವತ್ತನ್ನು ಕೈಯಲ್ಲಿ ಹಣ ಇದ್ದವರಷ್ಟೇ ಕೊಳ್ಳಬಲ್ಲರು, ಹಾಗಾಗಿ ದರ ತಗ್ಗುತ್ತದೆ. ಬಿ ಖಾತಾ ಎ ಖಾತಾ ಆಗುತ್ತದೆ ಎಂಬ ಸುದ್ದಿ ಹಬ್ಬಿದಾಗಲೆಲ್ಲ ಆ ಬೀದಿಗಳಲ್ಲಿ ಮೊದಲು ಏರುವುದು ದರವೇ.

ಐಟಿ ಕಂಪನಿಗಳು ಬಂದದ್ದು ಬಿಡಿಎ ಬಡಾವಣೆಗಳ ಪಕ್ಕಕ್ಕಲ್ಲ. ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್, ಹೊರ ವರ್ತುಲ ರಸ್ತೆಯ ಬೆಳ್ಳಂದೂರು-ಮಾರತ್ತಹಳ್ಳಿ ಪಟ್ಟಿ ಎಲ್ಲವೂ ಹಳ್ಳಿಗಳ ನಡುವಿನ ಜಾಗ. ಕೆಲಸ ಅಲ್ಲಿಗೆ ಮೊದಲು ಬಂತು, ಮನೆ ಆಮೇಲೆ, ಒಳಚರಂಡಿ ಇನ್ನೂ ಆಮೇಲೆ. 2007ರಲ್ಲಿ ಬಿಬಿಎಂಪಿ ರಚನೆಯಾದಾಗ 110 ಹಳ್ಳಿಗಳು ನಗರಕ್ಕೆ ಸೇರಿದವು. ಅವುಗಳಿಗೆಂದೇ ರೂಪಿಸಿದ 775 ಎಂಎಲ್‌ಡಿಯ (ದಿನಕ್ಕೆ 77.5 ಕೋಟಿ ಲೀಟರ್) ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ ಚಾಲನೆಗೊಂಡದ್ದು 2024ರ ಅಕ್ಟೋಬರಿನಲ್ಲಿ. ಆ ನಡುವಿನ ವರ್ಷಗಳಲ್ಲಿ ಮನೆ ಬೆಲೆ ಏರಿತು, ಕೊಳವೆಬಾವಿ ಇಳಿಯಿತು.

ಉತ್ತರಕ್ಕೆ ತಿರುವು ಬಂದದ್ದು 2008ರ ಮೇ ತಿಂಗಳಲ್ಲಿ, ದೇವನಹಳ್ಳಿ ಬಳಿಯ ವಿಮಾನ ನಿಲ್ದಾಣ ತೆರೆದಾಗ. ಮೆಟ್ರೊ 2023ರಲ್ಲಿ ವೈಟ್‌ಫೀಲ್ಡಿಗೂ 2025ರ ಆಗಸ್ಟಿನಲ್ಲಿ ಬೊಮ್ಮಸಂದ್ರಕ್ಕೂ ಮುಟ್ಟಿತು. ಇಂಥ ಕಡೆ ಯೋಜನೆ ಘೋಷಣೆಯಾದಾಗ ಒಮ್ಮೆ, ಕಂಬ ಎದ್ದಾಗ ಒಮ್ಮೆ, ರೈಲು ಓಡಿದಾಗ ಮತ್ತೊಮ್ಮೆ ದರ ಜಿಗಿಯುತ್ತದೆ. ರೈಲು ಹತ್ತುವವನು ಕೊಳ್ಳಲು ಬರುವ ಹೊತ್ತಿಗೆ ಲಾಭದ ದೊಡ್ಡ ಪಾಲು ಘೋಷಣೆಗೆ ಮುಂಚೆ ಜಮೀನು ಹಿಡಿದವರ ಕೈ ಸೇರಿರುತ್ತದೆ. ಸಾರ್ವಜನಿಕರ ಹಣದಲ್ಲಿ ಹುಟ್ಟಿದ ಈ ಬೆಲೆಯಲ್ಲಿ ಸಾರ್ವಜನಿಕರಿಗೆ ಮರಳುವುದು ಅತ್ಯಲ್ಪ, ಇದು ಅನ್ಯಾಯ. ಇತ್ತ ಬಿಡಿಎ ಪೂರೈಕೆ ಕುಂಟಿತು: ಶಿವರಾಮ ಕಾರಂತ ಬಡಾವಣೆಗೆ ಪ್ರಾಥಮಿಕ ಅಧಿಸೂಚನೆ ಹೊರಟದ್ದು 2008ರಲ್ಲಿ, ಮುಂದುವರಿಸಿ ಎಂದು ಸುಪ್ರೀಂ ಕೋರ್ಟ್ ಹೇಳಬೇಕಾದದ್ದು 2018ರಲ್ಲಿ.

ದರದ ಅಂಕಿಅಂಶ ಓದುವಾಗಲೂ ಎಚ್ಚರ ಬೇಕು. ಮುದ್ರಾಂಕ ಶುಲ್ಕ ಲೆಕ್ಕವಾಗುವುದು ಕ್ರಯದ ಮೊತ್ತ ಅಥವಾ ಸರ್ಕಾರದ ಮಾರ್ಗಸೂಚಿ ದರ (ಆ ಜಾಗಕ್ಕೆ ಸರ್ಕಾರ ನಿಗದಿಪಡಿಸಿದ ಕನಿಷ್ಠ ಬೆಲೆ), ಎರಡರಲ್ಲಿ ಹೆಚ್ಚಿನದರ ಮೇಲೆ. ಮಾರುಕಟ್ಟೆ ದರ ಮಾರ್ಗಸೂಚಿಗಿಂತ ಬಹಳ ಮೇಲಿರುವ ಕಡೆ ಕ್ರಯಪತ್ರದಲ್ಲಿ ಮಾರ್ಗಸೂಚಿಯಷ್ಟೇ ಬರೆದು ಉಳಿದದ್ದನ್ನು ನಗದಾಗಿ ಕೊಡುವ ಕೆಟ್ಟ ರೂಢಿ ಇದೆ. ರಿಸರ್ವ್ ಬ್ಯಾಂಕಿನ ಮನೆ ಬೆಲೆ ಸೂಚ್ಯಂಕ ನೋಂದಣಿಯ ಮೊತ್ತವನ್ನೇ ಆಧರಿಸಿದ್ದು, ಹಾಗಾಗಿ ಅಂಥ ಬಡಾವಣೆಗಳ ನಿಜವಾದ ಏರಿಕೆ ಅದರಲ್ಲಿ ಪೂರ್ತಿ ಕಾಣುವುದಿಲ್ಲ. 2023ರ ಅಕ್ಟೋಬರಿನಲ್ಲಿ ಮಾರ್ಗಸೂಚಿ ದರ ಪರಿಷ್ಕರಣೆಯಾದಾಗ ಕಾಗದದ ಮೇಲಿನ ಬೆಲೆಯೂ ಒಮ್ಮೆಲೇ ಮೇಲೇರಿತು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿದೆ. ನಗರದೊಳಗಿನ 80 ಲಕ್ಷದ ಸ್ವತ್ತಿಗೆ ಮುದ್ರಾಂಕ 4 ಲಕ್ಷ, ಸೆಸ್-ಸರ್ಚಾರ್ಜ್ 48,000, ನೋಂದಣಿ 1.6 ಲಕ್ಷ, ಒಟ್ಟು 6,08,000 ರೂಪಾಯಿ. ಬಹುತೇಕ ಬ್ಯಾಂಕುಗಳು ಈ ಮೊತ್ತವನ್ನು ಸಾಲದಲ್ಲಿ ಸೇರಿಸುವುದಿಲ್ಲ, ಕೈಯಿಂದಲೇ ಹೊಂದಿಸಬೇಕು.

ಎರಡು ಕಡೆಯ ಫ್ಲ್ಯಾಟ್ ಹೋಲಿಸುವಾಗ ಒಟ್ಟು ಬೆಲೆಯನ್ನು ಕಾರ್ಪೆಟ್ ಏರಿಯಾದಿಂದ (ಗೋಡೆಗಳೊಳಗೆ ನಿಜವಾಗಿ ಬಳಸಲು ಸಿಗುವ ನೆಲ) ಭಾಗಿಸಿ. ಚದರಡಿಗೆ 8,000 ಎಂದು ಹೇಳಿ 1,500 ಚದರಡಿಯ ಫ್ಲ್ಯಾಟಿಗೆ 1.2 ಕೋಟಿ ಕೇಳಿದರೆ, ಅದರ ಕಾರ್ಪೆಟ್ ಏರಿಯಾ 1,050 ಇದ್ದಲ್ಲಿ ನಿಜ ದರ 11,400 ದಾಟುತ್ತದೆ. ಪಕ್ಕದ ಏರಿಯಾದಲ್ಲಿ ಅದೇ 1,500 ಚದರಡಿಗೆ 9,000 ದರ ಹೇಳಿದವನ ಕಟ್ಟಡದಲ್ಲಿ ಕಾರ್ಪೆಟ್ 1,200 ಇದ್ದರೆ ಅಲ್ಲಿ 11,250 ಮಾತ್ರ, ಅದೇ ಅಗ್ಗ. ಕ್ರಯಪತ್ರದಲ್ಲಿ ನಿಮ್ಮ ಪಾಲಿಗೆ ಬರುವ ಅವಿಭಜಿತ ಭೂಮಿ ಎಷ್ಟು ಚದರಡಿ ಎಂದೂ ನೋಡಿ, ಕಟ್ಟಡ ಹಳತಾದಂತೆ ಬೆಲೆ ನಿಲ್ಲುವುದು ಅದರ ಮೇಲೆ. ಹೊರವಲಯದಲ್ಲಾದರೆ ಮುಂಗಡ ಕೊಡುವ ಮೊದಲು ಆ ಸಂಕೀರ್ಣದ ಕಳೆದ ಮಾರ್ಚ್, ಏಪ್ರಿಲ್ ತಿಂಗಳ ನಿರ್ವಹಣಾ ಲೆಕ್ಕ ಕೇಳಿ ತರಿಸಿಕೊಳ್ಳಿ, ಟ್ಯಾಂಕರ್ ನೀರಿಗೆ ಎಷ್ಟು ಹೋಯಿತೆಂದು ನೋಡಿ, ನಿಮ್ಮ ಪಾಲನ್ನು ಇಎಂಐಗೆ ಕೂಡಿಸಿ.