ಕಾಡಿನವರ ಕೈಗೆ ನಕ್ಷೆ ಬಂದ ಬಗೆ

ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಕಾಡೆಂದರೆ ಯೆಲ್ಲೆಗಳು. ಒಂದೊಂದು ಕುಲಕ್ಕೂ ತನ್ನ ಯೆಲ್ಲೆ. ಅದರೊಳಗೆ ಪೂಜೆಯ ತಾಣಗಳು: ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ. ಬೆಂಗಳೂರಿನ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯವರು ಹಿರಿಯ ಸೋಲಿಗರ ಜೊತೆ ಜಿಪಿಎಸ್ ಹಿಡಿದು ನಡೆದು ಈ ತಾಣಗಳನ್ನು ನಕ್ಷೆಗೆ ತಂದರು. 2011ರಲ್ಲಿ, ಹುಲಿ ಸಂರಕ್ಷಿತ ಪ್ರದೇಶದೊಳಗೇ, ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಬೆಂಗಳೂರಿನಲ್ಲಿ ಕುಳಿತು ಅಮೆಜಾನಿನ ಮೂಲನಿವಾಸಿಗಳು ಉಪಗ್ರಹ, ಇಂಟರ್ನೆಟ್ ಬಳಸಿ ಕಾಡು ಕಾಯುವ ಕಥೆ ಓದುವಾಗ ನನಗೆ ಮೊದಲು ನೆನಪಾಗುವುದು ಈ ನಕ್ಷೆಯೇ.

ಬ್ರೆಜಿಲ್‌ನ ರೊಂಡೋನಿಯಾ ರಾಜ್ಯದ ಸುರುಯಿ ಎಂಬ ಮೂಲನಿವಾಸಿ ಜನ ಹೊರಜಗತ್ತಿನ ಸಂಪರ್ಕಕ್ಕೆ ಬಂದದ್ದು 1969ರಲ್ಲಿ. ದಡಾರ, ಕ್ಷಯಗಳು ಕೆಲವೇ ವರ್ಷಗಳಲ್ಲಿ ಅವರನ್ನು ಸುಮಾರು 300 ಮಂದಿಗೆ ಇಳಿಸಿದವು. ಉಳಿದವರ ಕಾಡಿಗೆ ಮರಗಳ್ಳರು ನುಗ್ಗಿದರು. ಮುಖಂಡ ಅಲ್ಮಿರ್ ಸುರುಯಿ ಗೂಗಲ್ ಅರ್ಥ್‌ನಲ್ಲಿ ತಮ್ಮ ನೆಲವನ್ನು ಕಂಡರು: ನಡುವೆ ಹಸಿರು, ಸುತ್ತ ಬೋಳು. 2007ರಲ್ಲಿ ಕ್ಯಾಲಿಫೋರ್ನಿಯಾದ ಗೂಗಲ್ ಕಚೇರಿಗೇ ಹೋಗಿ ನೆರವು ಕೇಳಿದರು. ಮುಂದೆ ಸುರುಯಿಗಳು ಕಡಿದ ಮರದ ಚಿತ್ರವನ್ನೂ ಸ್ಥಳವನ್ನೂ ಫೋನಿನಲ್ಲಿ ದಾಖಲಿಸತೊಡಗಿದರು. ಮರೀನಾ ಸಿಲ್ವಾ ಪರಿಸರ ಸಚಿವೆಯಾಗಿದ್ದ ಅದೇ 2007ರಲ್ಲಿ, ಇಂಥ ಕಾಡಿನ ಸುಮಾರು 150 ಸಮುದಾಯಗಳಿಗೆ ಉಪಗ್ರಹ ಇಂಟರ್ನೆಟ್ ಕೊಡುವುದಾಗಿ ಬ್ರೆಜಿಲ್ ಸರ್ಕಾರ ಪ್ರಕಟಿಸಿತು.

ಉಪಗ್ರಹದ ಕಣ್ಣೇನೋ ಹಳೆಯದು. ಬ್ರೆಜಿಲ್‌ನ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ 1988ರಿಂದಲೇ ಅಮೆಜಾನ್ ಕಾಡುನಾಶವನ್ನು ವರ್ಷವರ್ಷವೂ ಅಳೆಯುತ್ತಿದೆ. ಕಷ್ಟವಿದ್ದದ್ದು ಆ ಕಣ್ಣು ಕಂಡದ್ದನ್ನು ಕಾಡಿನಲ್ಲೇ ಇರುವವರಿಗೆ ಮುಟ್ಟಿಸುವುದರಲ್ಲಿ. ಪೆರುವಿನ ಲೊರೆಟೊ ಪ್ರಾಂತ್ಯದಲ್ಲಿ ನಡೆದ ಪ್ರಯೋಗ ನನ್ನ ಮನಸ್ಸಿಗೆ ತೀರ ಹತ್ತಿರವಾದದ್ದು ಅದಕ್ಕೇ. ಅಲ್ಲಿನ 36 ಸಮುದಾಯಗಳಿಗೆ ಕಾಡುನಾಶದ ಎಚ್ಚರಿಕೆಗಳನ್ನು ತಲುಪಿಸಬೇಕಿತ್ತು. ಹಳ್ಳಿಗಳಲ್ಲಿ ಇಂಟರ್ನೆಟ್ ಇರಲಿಲ್ಲ. ಮಾಹಿತಿಯನ್ನು ಪೆನ್‌ಡ್ರೈವ್‌ಗೆ ತುಂಬಿ ನದಿಯ ಮೇಲೆ ಕಳುಹಿಸಿದರು. ಹಳ್ಳಿಯವರು ಅದನ್ನು ಫೋನಿಗೆ ಇಳಿಸಿಕೊಂಡು, ಕಡಿತವಾದ ಜಾಗಕ್ಕೆ ನಡೆದು ಹೋಗಿ ನೋಡಿ ಬಂದು, ಮುಂದೇನು ಮಾಡಬೇಕೆಂದು ಊರಸಭೆಯಲ್ಲಿ ತೀರ್ಮಾನಿಸುತ್ತಿದ್ದರು. 2021ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹೋಲಿಕೆಗೆ ಇಟ್ಟುಕೊಂಡಿದ್ದ ಹಳ್ಳಿಗಳಿಗಿಂತ ಇಲ್ಲಿ ಮೊದಲ ವರ್ಷ ಕಾಡುನಾಶ ಶೇ 52ರಷ್ಟು ಕಡಿಮೆ. ಎರಡನೆಯ ವರ್ಷ ಪರಿಣಾಮ ತಗ್ಗಿತಾದರೂ ಅಳಿಸಿಹೋಗಲಿಲ್ಲ.

ಕಾಡಿಗೆ ಇಂಟರ್ನೆಟ್ ಬೇಕೇ ಬೇಕು; ಆದರೆ ನೆಲದ ಹಕ್ಕು ಗಟ್ಟಿಯಾಗದೆ, ದೂರು ಕೊಟ್ಟಾಗ ಧಾವಿಸಿ ಬರುವ ಅಧಿಕಾರಿಗಳಿಲ್ಲದೆ ಬರೀ ಸಿಗ್ನಲ್ ಕೊಟ್ಟರೆ ಅದು ಬಲಾಢ್ಯರ ಪಾಲಾಗುತ್ತದೆ. ಬ್ರೆಜಿಲ್‌ನ ಅಮೆಜಾನ್ ಕಾಡಿನ ಯಾನೋಮಾಮಿ ಮೂಲನಿವಾಸಿಗಳ ನಾಡಿನಲ್ಲಿ ಆದದ್ದು ಅದೇ. 2023ರಲ್ಲಿ ಬ್ರೆಜಿಲ್ ಅಧಿಕಾರಿಗಳು ಅಲ್ಲಿನ ಅಕ್ರಮ ಚಿನ್ನದ ಗಣಿಗಳಿಂದ ಸ್ಟಾರ್‌ಲಿಂಕ್ ಕಂಪನಿಯ ಉಪಗ್ರಹ ಇಂಟರ್ನೆಟ್ ಉಪಕರಣಗಳನ್ನು ವಶಪಡಿಸಿಕೊಂಡರು. ದಾಳಿಗೆ ಬರುತ್ತಿದ್ದಾರೆ ಎಂಬ ಸುದ್ದಿ ಗಣಿಗಳ್ಳರಿಗೆ ಮೊದಲೇ ಮುಟ್ಟುತ್ತಿದ್ದುದು ಅವುಗಳ ಮೂಲಕವೇ.