ಹಳೇ ಹೆಸರೇ ಸರಿಯಿತ್ತಾ? ಮೆದುಳಿನ ಗಡ್ಡೆ ಮತ್ತು ಸೋರುವ ರಕ್ತನಾಳ

ಗ್ಲಯೊಬ್ಲಾಸ್ಟೋಮಾ ಮೆದುಳಿನ ಗಡ್ಡೆಗಳಲ್ಲೇ ತುಂಬಾ ಕೆಟ್ಟದ್ದು. ಅದರ ಚೂರನ್ನು ಮೈಕ್ರೋಸ್ಕೋಪಿನಲ್ಲಿ ಇಟ್ಟರೆ ರಕ್ತನಾಳಗಳು ಗಂಟುಗಂಟಾಗಿ ಕಾಣುತ್ತವೆ. ಇಷ್ಟೊಂದು ನಾಳ ಎಲ್ಲಿಂದ ಬಂತು?

1971ರಲ್ಲಿ ಬಾಸ್ಟನ್‌ನ ಸರ್ಜನ್ ಜೂಡಾ ಫೋಕ್‌ಮನ್ ಒಂದು ವಾದ ಮುಂದಿಟ್ಟರು. ಹೊಸ ರಕ್ತನಾಳ ಸಿಗದಿದ್ದರೆ ಗಡ್ಡೆ ಒಂದೆರಡು ಮಿಲಿಮೀಟರ್ ದಾಟಿ ಬೆಳೆಯಲಾರದು. ಅದಕ್ಕೇ ಅದು ಏನನ್ನೋ ಸ್ರವಿಸಿ ನಾಳಗಳನ್ನು ತನ್ನತ್ತ ಕರೆಸಿಕೊಳ್ಳುತ್ತದೆ. ಆ ಕರೆಯನ್ನು ತಡೆದರೆ ಗಡ್ಡೆಗೆ ಉಪವಾಸವೇ ಗತಿ. ಬಹಳ ಜನ ನಂಬಲಿಲ್ಲ.

1983ರಲ್ಲಿ ಹೆರಾಲ್ಡ್ ಡ್ವೊರಾಕ್ ತಂಡಕ್ಕೆ ಗಡ್ಡೆಗಳು ಬಿಡುವ ಒಂದು ಪ್ರೋಟೀನ್ ಸಿಕ್ಕಿತು. ಅದು ತಾಗಿದರೆ ರಕ್ತನಾಳ ಸೋರುತ್ತಿತ್ತು. ಹೆಸರೂ ಹಾಗೇ ಇಟ್ಟರು: ನಾಳ ಸೋರಿಸುವ ಅಂಶ. 1989ರಲ್ಲಿ ಔಷಧ ಕಂಪನಿ ಜೆನೆನ್‌ಟೆಕ್‌ನ ನೆಪೋಲಿಯೋನ್ ಫೆರಾರಾ ನಾಳ ಬೆಳೆಸುವ ಪ್ರೋಟೀನ್ ಒಂದನ್ನು ಬೇರ್ಪಡಿಸಿ ವಿಇಜಿಎಫ್, ಅಂದರೆ ನಾಳದ ಒಳಪದರ ಬೆಳೆಸುವ ಅಂಶ, ಎಂದು ಕರೆದರು. ನೋಡಿದರೆ ಎರಡೂ ಒಂದೇ! ಹೊಸ ಹೆಸರು ಉಳಿಯಿತು, ಹಳೆಯದು ಮೂಲೆ ಸೇರಿತು. ಮೆದುಳಿನ ಮಟ್ಟಿಗೆ ಹಳೆಯದೇ ಜಾಸ್ತಿ ಹೊಂದುತ್ತಿತ್ತು ಅನ್ನಿಸುತ್ತದೆ ನನಗೆ.

ಯಾಕೆಂದರೆ, ಗಡ್ಡೆಯ ನಡುವೆ ಆಮ್ಲಜನಕ ಸಿಗದೆ ಕೋಶಗಳು ಸಾಯುತ್ತವೆ. ಆ ಸತ್ತ ಜಾಗದ ಅಂಚಿನ ಕೋಶಗಳೇ ವಿಇಜಿಎಫ್ ಅನ್ನು ಹೆಚ್ಚಾಗಿ ತಯಾರಿಸುತ್ತವೆ ಎಂದು 1992ರಲ್ಲಿ ತಿಳಿಯಿತು. ಅವು ಕರೆಸಿಕೊಂಡ ನಾಳಗಳೋ, ಅರೆಬರೆ ಕಟ್ಟಿದವು. ನೀರು ಸೋರಿ ಮೆದುಳು ಊದುತ್ತದೆ. ತಲೆಬುರುಡೆ ಹಿಗ್ಗುವುದಿಲ್ಲವಲ್ಲ, ಒತ್ತಡ ಏರುತ್ತದೆ.

ವಿಇಜಿಎಫ್ ಅನ್ನು ಹಿಡಿದುಹಾಕುವ ಆ್ಯಂಟಿಬಾಡಿ 1993ರಲ್ಲಿ ಇಲಿಗಳಲ್ಲಿ ಗಡ್ಡೆಯ ಬೆಳವಣಿಗೆ ತಗ್ಗಿಸಿತು. ಅದರಿಂದ ರೂಪುಗೊಂಡ ಔಷಧ ಬೆವಾಸಿಝುಮ್ಯಾಬ್‌ಗೆ ಮರುಕಳಿಸಿದ ಗ್ಲಯೊಬ್ಲಾಸ್ಟೋಮಾಕ್ಕಾಗಿ 2009ರಲ್ಲಿ ಅಮೆರಿಕದಲ್ಲಿ ಷರತ್ತಿನ ಅನುಮತಿ ಸಿಕ್ಕಿತು. ಸ್ಕ್ಯಾನ್‌ನಲ್ಲಿ ಗಡ್ಡೆ ಕುಗ್ಗಿದಂತೆ ಕಾಣುತ್ತಿತ್ತು. ಆದರೆ ಸ್ಕ್ಯಾನ್‌ನಲ್ಲಿ ಬೆಳ್ಳಗೆ ಹೊಳೆಯುವುದು ಸ್ಕ್ಯಾನಿಗಾಗಿ ರಕ್ತಕ್ಕೆ ಚುಚ್ಚಿ, ನಾಳದಿಂದ ಸೋರಿದ ಕಾಂಟ್ರಾಸ್ಟ್ ದ್ರವ. ಸೋರುವುದು ನಿಂತರೆ ಹೊಳಪೂ ಮಾಯ, ಗಡ್ಡೆ ಇದ್ದಲ್ಲೇ ಇದ್ದರೂ. ಇದಕ್ಕೆ ವೈದ್ಯರು 'ಹುಸಿ ಪ್ರತಿಕ್ರಿಯೆ' ಅನ್ನುತ್ತಾರೆ.

2014ರಲ್ಲಿ ಈ ಔಷಧದ ಎರಡು ದೊಡ್ಡ ಪರೀಕ್ಷೆಗಳ ಫಲಿತಾಂಶ ಬಂತು. ಹೊಸದಾಗಿ ಪತ್ತೆಯಾದ ರೋಗಿಗಳಲ್ಲಿ ರೋಗ ಮುಂದುವರಿಯುವುದು ಮೂರ್ನಾಲ್ಕು ತಿಂಗಳು ತಡವಾಯಿತು. ಆಯಸ್ಸು ಮಾತ್ರ ಹೆಚ್ಚಲಿಲ್ಲ. ಹೊಸ ನಾಳ ಇಲ್ಲದಿದ್ದರೇನು, ಈ ಕೋಶಗಳು ಮೆದುಳಿನ ಹಳೇ ನಾಳಗಳನ್ನೇ ಹಿಡಿದುಕೊಂಡು ಸರಿಯಬಲ್ಲವು.

ಹಾಗಿದ್ದರೂ 2017ರಲ್ಲಿ ಅಮೆರಿಕ ಪೂರ್ಣ ಅನುಮತಿಯನ್ನೇ ಕೊಟ್ಟಿತು. ಈ ಔಷಧ ಕೊಟ್ಟ ಮೇಲೆ ಊತ ಇಳಿದು, ಎಷ್ಟೋ ರೋಗಿಗಳಿಗೆ ಊತ ತಗ್ಗಿಸಲು ಕೊಡುವ ಸ್ಟೀರಾಯ್ಡ್ ಕಡಿಮೆ ಸಾಕಾಗುತ್ತದೆ. ಗಡ್ಡೆಯನ್ನು ಉಪವಾಸ ಕೆಡವಲು ಹುಡುಕಿದ ಔಷಧ ಈಗ ಹೆಚ್ಚಾಗಿ ಮಾಡುತ್ತಿರುವುದು ಸೋರಿಕೆ ತಡೆಯುವ ಕೆಲಸ.